ಮೂರು ತಗಡಿನ ಮೂಲೆ

ರೇಡಾರ್ ಉಪಗ್ರಹದ ಚಿತ್ರವನ್ನು ಮೊದಲ ಸಲ ನೋಡಿದಾಗ ಕಪ್ಪು ಬಟ್ಟೆ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಅದರಲ್ಲಿ ಒಂದು ಜಾಗ ಎಷ್ಟು ಬೆಳ್ಳಗಿದೆ ಅನ್ನೋದನ್ನು ಅಳತೆ ಅಂತ ನಂಬಬೇಕಾದರೆ, ಉತ್ತರ ಮೊದಲೇ ಗೊತ್ತಿರುವ ಒಂದು ವಸ್ತು ನೆಲದ ಮೇಲೆ ಇರಬೇಕು, ಅಲ್ವಾ?

ಆ ವಸ್ತು ಬಹಳ ಸರಳ. ಪೆಟ್ಟಿಗೆಯ ಮೂಲೆಯಂತೆ ಜೋಡಿಸಿದ ಮೂರು ಲೋಹದ ತಗಡು, ಅಷ್ಟೇ. ಹೆಸರು ಕಾರ್ನರ್ ರಿಫ್ಲೆಕ್ಟರ್. ಉಪಗ್ರಹ ಕಳಿಸಿದ ರೇಡಿಯೋ ಅಲೆ ತಗಡುಗಳಿಗೆ ಮೂರು ಸಲ ಬಡಿದು, ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇಂಥವನ್ನು 40 ನೆಟ್ಟಿದ್ದಾರೆ. ಹೆಚ್ಚಿನವುಗಳ ಅಂಚು 1.5 ಮೀಟರ್. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ 5.55 ಸೆಂಟಿಮೀಟರ್ ಉದ್ದದ ಅಲೆಗೆ ಇಷ್ಟು ಚಿಕ್ಕ ತಗಡು ಸುಮಾರು 6,900 ಚದರ ಮೀಟರ್‌ನಷ್ಟು ದೊಡ್ಡದಾಗಿ ಕಾಣುತ್ತದೆ! ಅಂಚನ್ನು ಎರಡರಷ್ಟು ಮಾಡಿದರೆ 16 ಪಟ್ಟು ಜಾಸ್ತಿ.

ಚಿತ್ರದಲ್ಲಿ ಆ ಚುಕ್ಕೆ ಚೂಪಾಗಿದ್ದರೆ ಸರಿ, ಹರಡಿಕೊಂಡಿದ್ದರೆ ಅಥವಾ ಪಕ್ಕದಲ್ಲಿ ಮರಿ ಚುಕ್ಕೆಗಳು ಜೋರಾಗಿ ಎದ್ದಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತ ಲೆಕ್ಕ.

ಉಪಗ್ರಹದ ಆಂಟೆನಾ ಚಿತ್ರದ ಅಂಚಿನಿಂದ ಅಂಚಿಗೆ ಒಂದೇ ಸಮ ನೋಡುತ್ತಿದೆಯೇ ಅಂತ ತಿಳಿಯೋದಕ್ಕೆ ಮಾತ್ರ ತಗಡು ಸಾಲದು. ಅದಕ್ಕೆ ಅಮೆಜಾನ್ ಕಾಡು ಬೇಕು, ಅಲ್ಲಿ ನೂರಾರು ಕಿಲೋಮೀಟರ್ ಹೆಚ್ಚುಕಮ್ಮಿ ಒಂದೇ ಹೊಳಪು.

ನನಗೆ ಇಷ್ಟವಾದ ವಿವರ ಬೇರೆ. ತಗಡಿನ ಮೂಲೆಯಲ್ಲಿ ಮಳೆನೀರು ನಿಂತರೆ ಅಳತೆಯೇ ಕೆಡುತ್ತದೆ. ಅದಕ್ಕೆ ತಳದಲ್ಲಿ ಒಂದು ತೂತು ಕೊರೆದಿರುತ್ತಾರೆ, ಹೂಕುಂಡಕ್ಕೆ ಇದ್ದ ಹಾಗೆ.