ಬೂದಿ ಮುಚ್ಚಿದ ಕೆಂಡ, ಹಿಮ ಮುಚ್ಚಿದ ಸರೋವರ

ಜನವರಿ. ಮಡಿಕೇರಿ ಸಮೀಪದ ನಮ್ಮ ಮನೆಯ ಕಣದಲ್ಲಿ ಕಾಫಿ ಒಣಗುತ್ತಿತ್ತು. ಒಳಗೆ ನಾನು ಕಂಪ್ಯೂಟರಿನಲ್ಲಿ ಫಿನ್ಲೆಂಡಿನ ಒಂದು ಸರೋವರವನ್ನು ಹೆಪ್ಪುಗಟ್ಟಿಸಲು ಹೆಣಗುತ್ತಿದ್ದೆ. ಹವಾಮಾನದ ಅಂಕಿಗಳಿಂದ ನೀರಿನ ಉಷ್ಣಾಂಶವನ್ನು ಲೆಕ್ಕ ಹಾಕುವ ಮಾದರಿಗಳೇ ನನ್ನ ಕಸುಬು.

ಮೊದಲ ಸಲ ಮಾದರಿಯ ನೀರು ನೀರಾಗಿಯೇ ಉಳಿದು ಮೈನಸ್ 6 ಡಿಗ್ರಿಗೆ ಇಳಿದಿತ್ತು. ಅದನ್ನು ತಿದ್ದುವುದು ಕಷ್ಟವಲ್ಲ: ಸೊನ್ನೆಗಿಂತ ಕೆಳಗಿಳಿದ ಶಾಖದ ಕೊರತೆಯನ್ನೆಲ್ಲ ಮಂಜುಗಡ್ಡೆಯ ಲೆಕ್ಕಕ್ಕೆ ಹಾಕಬೇಕು. ಒಂದು ಕಿಲೋ ನೀರು ಗಡ್ಡೆಯಾಗುವಾಗ ಸುಮಾರು 334 ಕಿಲೋಜೂಲ್ ಶಾಖ ಬಿಡುತ್ತದೆ. ಆ ಶಾಖ ಈಗಾಗಲೇ ಕಟ್ಟಿದ ಗಡ್ಡೆಯನ್ನು ದಾಟಿಯೇ ಹೊರಹೋಗಬೇಕು. ಗಡ್ಡೆ ದಪ್ಪವಾದಷ್ಟೂ ಬೆಳವಣಿಗೆ ನಿಧಾನ. ಭೌತವಿಜ್ಞಾನಿ ಯೋಸೆಫ್ ಸ್ಟೆಫಾನ್ 1891ರಲ್ಲೇ ಇದಕ್ಕೆ ವರ್ಗಮೂಲದ ಸೂತ್ರ ಕೊಟ್ಟಿದ್ದ. ಚಳಿಯ ಡಿಗ್ರಿಯನ್ನು ದಿನಗಳಿಂದ ಗುಣಿಸಬೇಕು: ಮೈನಸ್ 10 ಡಿಗ್ರಿಯ 30 ದಿನಗಳೆಂದರೆ 300. ಅದರ ವರ್ಗಮೂಲವನ್ನು ಸೂತ್ರದ ಸ್ಥಿರಾಂಕ 3.5ರಿಂದ ಗುಣಿಸಿದರೆ ಗಡ್ಡೆಯ ದಪ್ಪ ಸುಮಾರು 60 ಸೆಂಟಿಮೀಟರ್.

ಅಲ್ಲಿ ಗಡ್ಡೆ ಕೊರೆದು ಅಳೆದವರ ಅಂಕಿ ಇದರ ಅರ್ಧಕ್ಕಿಂತ ತುಸು ಹೆಚ್ಚಿತ್ತು, ಅಷ್ಟೇ. ಎರಡು ದಿನ ಅವರ ಅಳತೆಯನ್ನೇ ಅನುಮಾನಿಸಿದೆ.

ಮೂರನೆಯ ಬೆಳಿಗ್ಗೆ ಅವ್ವ ಬಚ್ಚಲೊಲೆಯ ಬೂದಿ ಸರಿಸಿದರು. ಒಳಗೆ ರಾತ್ರಿಯ ಕೆಂಡ ಕೆಂಪಗೆ ಉಳಿದಿತ್ತು. "ಬೂದಿ ಮುಚ್ಚದೆ ಬಿಟ್ಟಿದ್ದರೆ ನಡುರಾತ್ರಿಗೇ ಆರುತ್ತಿತ್ತು" ಎಂದರು. ಥಟ್ಟನೆ ಹೊಳೆಯಿತು: ನಾನು ಹಿಮವನ್ನೇ ಬಿಟ್ಟಿದ್ದೆ. ಕೊಡಗಿನಲ್ಲಿ ಮಂಜೆಂದರೆ ಬೆಟ್ಟ ಮರೆಮಾಡುವ ಮಂಜು. ಗಡ್ಡೆಯ ಮೇಲೆ ಬೀಳುವ ಹಿಮ ನನ್ನ ಕಣ್ಣಿಗೆ ಬಿದ್ದದ್ದೇ ಇಲ್ಲ.

ಹೊಸ ಹಿಮದಲ್ಲಿ ಶಾಖ ಹರಿಯುವುದು ಗಡ್ಡೆಯಲ್ಲಿ ಹರಿಯುವುದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಿಮ ಹೆಚ್ಚು ಬಿದ್ದರೆ ಗಡ್ಡೆ ತೆಳುವಾಗುತ್ತದೆ ಎಂಬುದು ನನಗೆ ಈಗಲೂ ಬೆರಗು. ಆದರೆ ಹಿಮದ ಭಾರಕ್ಕೆ ಗಡ್ಡೆ ಮುಳುಗಿದರೆ ಬಿರುಕಿನಿಂದ ನೀರು ಮೇಲುಕ್ಕಿ, ಹಿಮವನ್ನು ನೆನೆಸಿ, ಬಿಳಿ ಗಡ್ಡೆಯಾಗಿ ಮೇಲಿನಿಂದಲೂ ದಪ್ಪ ಕಟ್ಟುತ್ತದೆ. ಎರಡನ್ನೂ ಮಾದರಿಯಲ್ಲಿ ಬರೆದ ಮೇಲೆ ದಪ್ಪ ಅಳತೆಗೆ ಹೊಂದಿತು.

ಗಡ್ಡೆ ಕರಗುವ ದಿನ ಮಾತ್ರ ಇನ್ನೂ ಒಂದು ವಾರ ಮುಂಚೆಯೇ ಬರುತ್ತಿದೆ. ಅದನ್ನು ಬಿಟ್ಟುಬಿಡಲು ಮನಸ್ಸಿಲ್ಲ. ಮುಚ್ಚಿದ ಸರೋವರವನ್ನು ಗಾಳಿ ಕದಡಲಾರದು. ಮೊದಲೇ ಕರಗಿದ್ದ ಆಮ್ಲಜನಕದಲ್ಲೇ ಮೀನುಗಳು ಬಹುಮಟ್ಟಿಗೆ ಚಳಿಗಾಲ ಕಳೆಯಬೇಕು, ಅವಕ್ಕೆ ಒಂದು ವಾರ ಸಣ್ಣದಲ್ಲ. ಹೊಸ ಹಿಮ ಬಿಸಿಲಿನ ಶೇ. 80ಕ್ಕೂ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ, ಹಳೆಯದು ಅಷ್ಟಿಲ್ಲ. ನನ್ನ ಮಾದರಿಯಲ್ಲಿ ಹಿಮ ಬಹಳ ಬೇಗ ಮಾಸುತ್ತಿರಬೇಕು. ಇಂದು ರಾತ್ರಿ, ಕಣದ ಕಾಫಿಗೆ ಟಾರ್ಪಾಲು ಹೊದಿಸಿದ ಮೇಲೆ, ಆ ಸಾಲುಗಳನ್ನು ತಿದ್ದಬೇಕು.