ಹರಾಜಿನಲ್ಲಿ ಕೊಂಡ ಹಳೇ ಬೋರ್ಡೋ: ಕಾರ್ಕ್ ಮುರಿಯದಂತೆ ತೆಗೆಯುವುದು

ಹರಾಜಿನಿಂದ ಫ್ರಾನ್ಸಿನ ಬೋರ್ಡೋ ಸೀಮೆಯ ಪೊಯಾಕ್ ಎಂಬ ಊರಿನ 1982ರ ವೈನ್ ಬಾಟಲಿಯೊಂದು ಬಂತೆನ್ನಿ. ಮೊದಲು ನೋಡಬೇಕಾದ್ದು ವೈನಿನ ಮಟ್ಟ. ಬೋರ್ಡೋ ಬಾಟಲಿಯ ಭುಜ ಎದ್ದು ಕಾಣುವುದರಿಂದ ಅಳೆಯುವುದು ಸುಲಭ. ಇಷ್ಟು ವಯಸ್ಸಾದ ಬಾಟಲಿಯಲ್ಲಿ ಮಟ್ಟ ಕುತ್ತಿಗೆಯ ಬುಡಕ್ಕೋ ಭುಜದ ಮೇಲ್ತುದಿಗೋ ಇಳಿದಿದ್ದರೆ ಚಿಂತೆಯಿಲ್ಲ. ಭುಜದ ನಡುವಿಗೆ ಇಳಿದಿದ್ದರೆ ಕಾರ್ಕ್ ಸೋತಿರುವ ಸಂಭವವೇ ಹೆಚ್ಚು. ಹರಾಜಿನ ಕ್ಯಾಟಲಾಗಿನಲ್ಲಿ ಮಟ್ಟ ಬರೆದಿರುತ್ತಾರೆ, ಬೆಲೆ ಕೂಗುವ ಮುಂಚೆಯೇ ಓದಿಕೊಳ್ಳಿ.

ಸಾಗಣೆಯಲ್ಲಿ ಕುಲುಕಿದ ಬಾಟಲಿಯನ್ನು ಎರಡು ಮೂರು ವಾರ ತಂಪಾದ ಕತ್ತಲಲ್ಲಿ ಮಲಗಿಸಿಡಿ. ತೆರೆಯುವುದಕ್ಕೆ ಎರಡು ದಿನ ಮುಂಚೆ ನೆಟ್ಟಗೆ ನಿಲ್ಲಿಸಿದರೆ ಗಸಿ ತಳ ಸೇರುತ್ತದೆ.

ಮೇಲಿನ ಹೊದಿಕೆಯನ್ನು ಪೂರ್ತಿ ಬಿಚ್ಚಿ, ಬಗ್ಗಿಸುವಾಗ ಕುತ್ತಿಗೆಯೊಳಗೆ ಕಾಣಬೇಕು. 1990ರ ದಶಕಕ್ಕೆ ಮುಂಚಿನ ಹೊದಿಕೆ ಬಹುಪಾಲು ಸೀಸದ್ದು. ಹಾಗಾಗಿ ಬಾಟಲಿಯ ಬಾಯಿಯ ಅಂಚನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಕಾರ್ಕಿನ ತಲೆಯ ಮೇಲೆ ಕಪ್ಪು ಬೂಷ್ಟು ಕಂಡರೆ ಗಾಬರಿ ಬೇಡ, ಅದು ತೇವದ ನೆಲಮಾಳಿಗೆಯ ಗುರುತು ಅಷ್ಟೆ.

ಕೆಲಸ ಕೆಡುವುದು ಕಾರ್ಕಿನಲ್ಲೇ. ಸುಮಾರು 5 ಸೆಂ.ಮೀ. ಉದ್ದದ ಈ ಕಾರ್ಕ್ ಅಂಚಿನಲ್ಲಿ ಗಾಜಿಗೆ ಅಂಟಿಕೊಂಡಿರುತ್ತದೆ, ನಡುವೆ ಮೆತ್ತಗಾಗಿರುತ್ತದೆ. ಬರೀ ಸ್ಕ್ರೂ ಹಾಕಿ ಎಳೆದರೆ ನಡುಭಾಗ ಕಿತ್ತು ಬಂದು ಅಂಚು ಅಲ್ಲೇ ಉಳಿಯುತ್ತದೆ. ಕಾರ್ಕಿನ ಅಕ್ಕಪಕ್ಕ ತೂರಿಸುವ ಎರಡು ಅಲಗಿನ ಸಾಧನ ಆ-ಸೋ ಒಂದನ್ನೇ ನಂಬಿದರೆ, ಸಡಿಲ ಕಾರ್ಕ್ ಬುಳಕ್ಕನೆ ಒಳಗೆ ಬೀಳುತ್ತದೆ. ಹಾಗಾಗಿ ಎರಡೂ ಬೇಕು. ಮೊದಲು ಸ್ಕ್ರೂವನ್ನು ಒತ್ತದೆ, ನಟ್ಟನಡುವೆ ತಿರುಗಿಸುತ್ತಾ ಇಳಿಸಿ. ಅದು ಕಾರ್ಕನ್ನು ಹಿಡಿದಿರುವಾಗ ಉದ್ದದ ಅಲಗನ್ನು ಮೊದಲು ತೂರಿಸಿ, ಆಮೇಲೆ ಗಿಡ್ಡದ್ದನ್ನು, ಆಚೆ ಈಚೆ ಅಲ್ಲಾಡಿಸುತ್ತಾ ತಳ್ಳಿ. ಕೊನೆಗೆ ಎರಡನ್ನೂ ಒಟ್ಟಿಗೆ ಹಿಡಿದು, ತಿರುಚುತ್ತಾ ಮೇಲೆತ್ತಿ. ಡ್ಯುರಾಂಡ್ ಎಂಬ ಸಾಧನ ಇದಕ್ಕೆಂದೇ ಇದೆ. ದುಬಾರಿ, ಆದರೂ ನಾಲ್ಕಾರು ಹಳೇ ಬಾಟಲಿ ಕೊಳ್ಳುವವರಿಗೆ ದಂಡವಲ್ಲ. ಚೂರು ಬಿದ್ದೇ ಬಿದ್ದರೆ ತೊಳೆದ ಮಸ್ಲಿನ್ ಬಟ್ಟೆಯಲ್ಲಿ ಸೋಸಿದರಾಯಿತು.

ಡಿಕ್ಯಾಂಟರಿಗೆ (ವೈನ್ ಬಗ್ಗಿಸಿಕೊಳ್ಳುವ ಗಾಜಿನ ಹೂಜಿಗೆ) ಸುರಿಯುವಾಗ ಕುತ್ತಿಗೆಯ ಕೆಳಗೆ ಟಾರ್ಚ್ ಇರಲಿ. ಒಂದೇ ಧಾರೆಯಲ್ಲಿ ನಿಧಾನವಾಗಿ ಬಗ್ಗಿಸಿ. ಬಾಟಲಿಯನ್ನು ನಡುವೆ ನೆಟ್ಟಗೆ ಮಾಡಿದರೆ ಗಸಿ ಕದಡುತ್ತದೆ. ಹೊಗೆಯಂಥ ಎಳೆ ಭುಜಕ್ಕೆ ಬಂದ ತಕ್ಷಣ ನಿಲ್ಲಿಸಿ. ತಳದಲ್ಲಿ 50 ಮಿ.ಲೀ. ಉಳಿದರೆ ಉಳಿಯಲಿ, ಅದು ಕಹಿ.

ಹಳೇ ವೈನನ್ನು ಗಂಟೆಗಟ್ಟಲೆ ಗಾಳಿಗೆ ಬಿಡುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. 16ರಿಂದ 18 ಡಿಗ್ರಿಯಲ್ಲಿ, ತೆರೆದ ಅರ್ಧ ಗಂಟೆಯೊಳಗೆ ರುಚಿ ನೋಡಿ. ಮೊದಲ ಮುಗ್ಗಲು ವಾಸನೆ ಹತ್ತು ಹದಿನೈದು ನಿಮಿಷದಲ್ಲಿ ಹೋಗಬಹುದು. ಒದ್ದೆ ರಟ್ಟಿನ ವಾಸನೆ ಮಾತ್ರ ಹೊತ್ತು ಹೋದಂತೆ ಜೋರಾಗುತ್ತದೆ, ಅದಕ್ಕೆ ಮದ್ದಿಲ್ಲ.

ಕಾರ್ಕನ್ನು ಎಸೆಯಬೇಡಿ. ಅದರ ಮೈಮೇಲಿನ ಶಾಟೋ (ವೈನ್ ಮಾಡಿದ ತೋಟ) ಹೆಸರು, ಇಸವಿ ಲೇಬಲ್ಲಿಗೆ ತಾಳೆಯಾಗದಿದ್ದರೆ ಫೋಟೋ ತೆಗೆದು ಹರಾಜಿನವರಿಗೆ ಅಂದೇ ಬರೆಯಿರಿ.