ಅಕ್ಕನ ಮಗಳು ಫಸ್ಟ್, ನಾನು ಮಂಡಿಯಲ್ಲಿ

ಅಮೆರಿಕದ ಡಲ್ಲಾಸ್‌ನಲ್ಲಿರುವ ಅಕ್ಕನ ಮಗಳು ಮತ್ತೆ ಕ್ಲಾಸಿಗೆ ಫಸ್ಟ್. ಫೋನಿಟ್ಟ ಮೇಲೆ ಅಮ್ಮ, "ನಮ್ಮ ವಂಶದಲ್ಲೇ ಬುದ್ಧಿ ಇದೆ ಕಣೋ" ಅಂದರು. ನಾನೂ ಅದೇ ವಂಶದವನು ಅಲ್ವಾ? ಎರಡು ಸಲ ಪಿಯುಸಿ ಫೇಲಾಗಿ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಎಣಿಸುತ್ತಿದ್ದೇನೆ.

ಅಮೆರಿಕ 1965ರಲ್ಲಿ ವಲಸೆ ಬರುವವರಿಗಿದ್ದ ಹಳೆಯ ದೇಶವಾರು ಕೋಟಾ ತೆಗೆಯಿತು. ಓದಿದವರಿಗೆ ದಾರಿಯಾಯಿತು. ಈಗ ಅಲ್ಲಿ ಕೆಲಸಕ್ಕೆ ಹೋಗುವವರ ಎಚ್-1ಬಿ ವೀಸಾಕ್ಕೆ ಡಿಗ್ರಿಯೋ ಅದಕ್ಕೆ ಸಮಾನವಾದದ್ದೋ ಬೇಕು. ಅಂದರೆ ಜರಡಿ ಇಲ್ಲೇ ಆಡಿಸಿ ಆಗಿರುತ್ತದೆ. ನಮ್ಮ ಮಂಡಿಯಲ್ಲೂ ಅಷ್ಟೇ. ದೂರದ ಲೋಡಿಗೆ ಗಟ್ಟಿ ಕಾಯಿ, ಮೆತ್ತಗಿರುವುದು ಊರೊಳಗೆ.

ಹಾಗಂತ ಮಗು ಸುಮ್ನೆ ಫಸ್ಟ್ ಬರುತ್ತಿಲ್ಲ. ಅಕ್ಕ ಭಾನುವಾರವೂ ಕೂರಿಸಿ ಲೆಕ್ಕ ಮಾಡಿಸುತ್ತಾಳೆ. ಅಲ್ಲಿ ಅವರಿಗೆ ಜಮೀನಿಲ್ಲ, ನೆಂಟರಿಲ್ಲ. ನಾನು ಫೇಲಾದಾಗ ಮಾವನ ಮಂಡಿ ಇತ್ತು.